ಪತಾಕೆ ಯಾರಿಗೆ?

ಮುಂದಾಗುವುದನ್ನು ಮೊದಲೇ ತಿಳಿಯಬೇಕೆಂಬ ಆಶೆಯು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದು. ಮಳೆ ಬಂದೀತೇ, ಭತ್ತದ ಧಾರಣೆ ಏರೀತೇ, ಮಗಳಿಗೆ ಅನುರೂಪನಾದ ವರನು ದೊರೆತಾನೇ ಎಂದು ಕೇಳುವುದಕ್ಕಾಗಿ ನಮ್ಮ ಎಮ್ಮಿಗನೂರಿನಲ್ಲಿ ಈಗಲೂ ಕೆಲವರು ನನ್ನ ಜಗುಲಿಗೆ ಬರುವುದುಂಟು. ನಾನು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನೆಂಬುದೊಂದೇ ಇದಕ್ಕೆ ಕಾರಣವು. ಅಲ್ಲಿ ನಾನು ಓದಿದ್ದು ಕಾವ್ಯ, ವ್ಯಾಕರಣ, ಅಷ್ಟಿಷ್ಟು ತರ್ಕ, ಜ್ಯೋತಿಷವನ್ನಲ್ಲ. ಹಾಗೆಂದು ಹೇಳಿದರೂ ಕೇಳುವವರು ಬಿಡುವುದಿಲ್ಲ. ಈಚಿನ ವರ್ಷಗಳಲ್ಲಂತೂ ಈ ಪೃಚ್ಛಕರ ಗುಂಪಿಗೆ ಹೊಸ ತೆರದವರು ಸೇರಿಕೊಂಡಿದ್ದಾರೆ. ಇವರಿಗೆ ಮಳೆಯೂ ಬೇಡ, ಧಾರಣೆಯೂ ಬೇಡ. ಇವರ ಪ್ರಶ್ನೆ ಒಂದೇ: ಈ ಸಲ ಶ್ರೇಷ್ಠ ಚಲನಚಿತ್ರವೆಂಬ ಪಾರಿತೋಷಕ ಯಾವುದಕ್ಕೆ? ಶ್ರೇಷ್ಠ ನಟನು ಯಾರು?

ನಮ್ಮೂರಿನ ವಾಚನಾಲಯದಲ್ಲಿ ಸಾಯಂಕಾಲ ಸೇರುವ ತರುಣರು ಹತ್ತು ಹದಿನೈದು ಮಂದಿ. ಕೆಲವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯತಕ್ಕವರು, ಕೆಲವರು ಗದ್ದೆಯವರು, ಉಳಿದವರು ಓದು ಮುಗಿಸಿ ಕೆಲಸಕ್ಕೆ ಕಾದಿರುವವರು. ಅಮೆರಿಕ ದೇಶದ ಆಸ್ಕರ್ ಪಾರಿತೋಷಕಗಳ ಕಾಲದಲ್ಲಿ ಒಮ್ಮೆ, ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಕಾಲದಲ್ಲಿ ಒಮ್ಮೆ, ಇವರೆಲ್ಲರೂ ತಮತಮಗೆ ತೋಚಿದ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಮಡಿಸಿ ಒಂದು ಡಬ್ಬಿಗೆ ಹಾಕುತ್ತಾರೆ. ತಲೆಗೆ ಹತ್ತು ರೂಪಾಯಿ ಪಣ. ಗೆದ್ದವನು ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಬೇಕೆಂಬುದು ಕಟ್ಟಳೆಯಾದುದರಿಂದ ಗೆದ್ದವನಿಗೆ ಸಾಮಾನ್ಯವಾಗಿ ನಷ್ಟವೇ. ಮೂವತ್ತು ವರ್ಷ ಪ್ರಶ್ನಪತ್ರಿಕೆಗಳನ್ನು ಕಾಯ್ದುಕೊಂಡವನೆಂಬ ವಿಶ್ವಾಸದಿಂದ ಆ ಡಬ್ಬಿಯನ್ನು ನನ್ನ ವಶದಲ್ಲಿಟ್ಟಿದ್ದಾರೆ. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವುದಕ್ಕೆ ನನಗೆ ಅಧಿಕಾರವುಂಟೆಂದು ಭಾವಿಸುತ್ತೇನೆ.

2024ನೆಯ ಆಗಸ್ಟ್ 16ರಂದು ಎಪ್ಪತ್ತನೆಯ ರಾಷ್ಟ್ರೀಯ ಪ್ರಶಸ್ತಿಗಳು ಪ್ರಕಟವಾದುವು. ‘ಕಾಂತಾರ’ದ ರಿಷಬ್ ಶೆಟ್ಟಿಯವರು ಶ್ರೇಷ್ಠ ನಟರೆನಿಸಿದರು. ಡಬ್ಬಿಯನ್ನು ತೆರೆದು ನೋಡಲಾಗಿ ಮುಕ್ಕಾಲು ಪಾಲು ಚೀಟಿಗಳಲ್ಲಿ ಅದೇ ಹೆಸರಿದ್ದಿತು. ಹುಡುಗರ ಸಂಭ್ರಮಕ್ಕೆ ಪಾರವಿಲ್ಲ. ತಮ್ಮ ಊಹೆಯ ಬಲವನ್ನು ತಾವೇ ಹೊಗಳಿಕೊಂಡರು. ಆಗ ನಾನು ಹಿಂದಿನ ವರ್ಷದ ಚೀಟಿಗಳನ್ನು ತೆಗೆದು ತೋರಿಸಬೇಕಾಯಿತು. 2023ರಲ್ಲಿ ಪ್ರಶಸ್ತಿಯಿದ್ದುದು 2021ನೆಯ ಸಾಲಿನ ಚಿತ್ರಗಳಿಗೆ. ‘ಕಾಂತಾರ’ವು ತೆರೆ ಕಂಡದ್ದು 2022ರ ಸೆಪ್ಟೆಂಬರ್ 30ರಂದು. ಪಂಕ್ತಿಯಲ್ಲಿ ಕುಳಿತೇ ಇರದವನಿಗೆ ಎಲೆ ಹಾಕಿಸಿದಂತೆ ನಾಲ್ವರು ಆ ವರ್ಷವೂ ಅದನ್ನೇ ಬರೆದಿದ್ದರು! ಇದನ್ನು ಅನುಮಾನವೆನ್ನೋಣವೇ, ಹಂಬಲವೆನ್ನೋಣವೇ? ಬೆಳೆ ಬರಲೆಂದು ಹರಕೆ ಹೊತ್ತವನು ಬೆಳೆ ಬಂದಾಗ ತಾನು ಪಂಚಾಂಗವನ್ನು ಬಲ್ಲೆನೆನ್ನುವಂತೆ.

ಈ ಭವಿಷ್ಯ ನುಡಿಯುವ ವ್ಯವಹಾರವು ಎಲ್ಲಿಂದ ಹುಟ್ಟಿತೆಂದು ವಿಚಾರಿಸಿದರೆ ಒಂದು ಸ್ವಾರಸ್ಯವಾದ ಸಂಗತಿ ಕಾಣಬರುತ್ತದೆ. ಆಸ್ಕರ್ ಪಾರಿತೋಷಕಗಳನ್ನು ಮೊದಲು ಕೊಟ್ಟದ್ದು 1929ರ ಮೇ 16ರಂದು. ಯಾರು ಯಾರು ಗೆದ್ದರೆಂಬುದು ಅದಕ್ಕೆ ಮೂರು ತಿಂಗಳು ಮೊದಲೇ ಊರಿಗೆಲ್ಲ ತಿಳಿದಿತ್ತು. ಮುಂದೆ ಕೆಲವು ವರ್ಷಗಳ ತನಕ, ರಾತ್ರಿ ಹನ್ನೊಂದಕ್ಕೆ ಮುಂಚೆ ಅಚ್ಚುಮಾಡಕೂಡದೆಂಬ ಕರಾರಿನ ಮೇಲೆ ಪತ್ರಿಕೆಗಳಿಗೆ ಹೆಸರುಗಳನ್ನು ಮುಂಗಡವಾಗಿ ಕೊಡುತ್ತಿದ್ದರು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯು ಆ ಕರಾರನ್ನು ಮುರಿದು ಸಂಜೆಯ ಸಂಚಿಕೆಯಲ್ಲಿಯೇ ಎಲ್ಲವನ್ನೂ ಪ್ರಕಟಿಸಿಬಿಟ್ಟಿತು. ಅತಿಥಿಗಳು ಸಭೆಗೆ ಬರುವ ದಾರಿಯಲ್ಲಿ ಫಲಿತಾಂಶವನ್ನು ಓದಿಕೊಂಡು ಬಂದರು. ಮರುವರ್ಷದಿಂದ, ಎಂದರೆ 1941ರಿಂದ, ಮುದ್ರೆಯೊತ್ತಿದ ಲಕೋಟೆಯ ಪದ್ಧತಿ ಬಂದಿತು. ಬೀಗವಿಲ್ಲದ ಮನೆಯೊಳಗೆ ಏನಿದೆಯೆಂದು ಯಾರೂ ಊಹಿಸಲಾರರಷ್ಟೆ. ಬೀಗ ಹಾಕಿದೊಡನೆ ಕಿಟಕಿಯಲ್ಲಿ ಹಣಕಿಕ್ಕುವವರು ಹುಟ್ಟುತ್ತಾರೆ. ಆ ಲಕೋಟೆಯ ವಿನೋದವು ತುತ್ತತುದಿಗೆ ಮುಟ್ಟಿದ್ದು 2017ರಲ್ಲಿ. ವೇದಿಕೆಯ ಮೇಲಿದ್ದವರ ಕೈಗೆ ಬೇರೊಂದು ಲಕೋಟೆ ಹೋಗಿ, ‘ಲಾ ಲಾ ಲ್ಯಾಂಡ್’ ಎಂಬ ಚಿತ್ರದ ಹೆಸರನ್ನು ಓದಿ, ಅದರ ನಿರ್ಮಾಪಕರು ಬಂದು ಕೃತಜ್ಞತೆಯನ್ನೂ ಹೇಳತೊಡಗಿದ ಮೇಲೆ, ಗೆದ್ದುದು ಅದಲ್ಲ, ‘ಮೂನ್‌ಲೈಟ್’ ಎಂಬುದೆಂದು ಸಾರಬೇಕಾಯಿತು. ‘ಲಾ ಲಾ ಲ್ಯಾಂಡ್’ ಎಂದು ಪಣವೊಡ್ಡಿದ್ದವರೆಲ್ಲರೂ ಎರಡು ನಿಮಿಷಗಳ ಕಾಲ ತ್ರಿಕಾಲಜ್ಞರಾಗಿದ್ದರು.

ಆದರೂ ಆ ದೇಶದವರ ಊಹೆಯನ್ನು ಕೇವಲ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಪಾಠಶಾಲೆಯಲ್ಲಿ ನಮ್ಮ ಗುರುಗಳು ತರ್ಕಸಂಗ್ರಹವನ್ನು ಹೇಳಿಕೊಡುವಾಗ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಸರಿ, ಆದರೆ ಅಡಿಗೆಮನೆಯಲ್ಲಿ ಅವೆರಡನ್ನೂ ಒಟ್ಟಿಗೆ ಕಂಡವನಿಗೇ ಆ ಹಕ್ಕು ಎನ್ನುತ್ತಿದ್ದರು. ಆ ನಿಯತವಾದ ಒಡನಾಟಕ್ಕೆ ವ್ಯಾಪ್ತಿಯೆಂದು ಹೆಸರು. ಅಮೆರಿಕದಲ್ಲಿ ಅಂಥ ಅಡಿಗೆಮನೆಯೊಂದಿದೆ. ಅಲ್ಲಿಯ ನಿರ್ದೇಶಕರ ಸಂಘವು ಆಸ್ಕರಿಗೆ ಕೆಲವು ವಾರ ಮೊದಲು ತನ್ನದೇ ಪಾರಿತೋಷಕವನ್ನು ಕೊಡುತ್ತದೆ. 1948ನೆಯ ಸಾಲಿನಿಂದ 2024ನೆಯ ಸಾಲಿನ ಚಿತ್ರಗಳವರೆಗೆ ನೋಡಿದರೆ ಸಂಘವು ಆರಿಸಿದವನಿಗೆ ಆಸ್ಕರ್ ತಪ್ಪಿದ್ದು ಎಂಟೇ ಬಾರಿ. ಅದರಲ್ಲಿಯೂ ತೈವಾನಿನಲ್ಲಿ ಹುಟ್ಟಿದ ಆಂಗ್ ಲೀ ಎಂಬವರ ಕಥೆ ವಿಚಿತ್ರವಾದುದು. 2000ದ ಸಾಲಿನಲ್ಲಿ ಸಂಘವು ಅವರನ್ನು ಆರಿಸಿತು, ಆಸ್ಕರ್ ಸೋಡರ್‌ಬರ್ಗರಿಗೆ ಹೋಯಿತು. 2012ರ ಸಾಲಿನಲ್ಲಿ ಸಂಘವು ಬೆನ್ ಅಫ್ಲೆಕ್‌ರನ್ನು ಆರಿಸಿತು, ಆಸ್ಕರ್ ಆಂಗ್ ಲೀಯವರಿಗೆ ಬಂದಿತು. ವಿಧಿಯು ಸಾಲವನ್ನು ಹನ್ನೆರಡು ವರ್ಷಗಳಲ್ಲಿ ತೀರಿಸಿತೆನ್ನಬಹುದು. ಅದಿರಲಿ. ಈ ಹೇತುವು ಬಹುಮಟ್ಟಿಗೆ ಫಲಿಸುವುದಕ್ಕೆ ಕಾರಣವು ಸ್ಪಷ್ಟವಾಗಿದೆ: ಎರಡೂ ಕಡೆ ಮತ ಹಾಕತಕ್ಕವರಲ್ಲಿ ಎಷ್ಟೋ ಮಂದಿ ಒಬ್ಬರೇ, ಮತ್ತು ಆಸ್ಕರಿನ ಮತದಾರರು ಹತ್ತು ಸಾವಿರದ ಸಮೀಪ. ಅಷ್ಟು ದೊಡ್ಡ ಗುಂಪಿನ ಮನಸ್ಸು ದೊಡ್ಡ ನದಿಯಂತೆ. ಅದರ ಹರಿವು ದಿಢೀರನೆ ತಿರುಗದು.

ನಮ್ಮ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಈ ಅನುಕೂಲವೊಂದೂ ಇಲ್ಲ. ಇಂಥವರು ಸ್ಪರ್ಧೆಯ ಕೊನೆಯ ಸುತ್ತಿನಲ್ಲಿದ್ದಾರೆಂಬ ಪಟ್ಟಿಯೇ ಹೊರಬೀಳುವುದಿಲ್ಲ. ಪ್ರಾದೇಶಿಕ ಸಮಿತಿಗಳು ಸೋಸಿ ಕಳಿಸಿದ ಚಿತ್ರಗಳನ್ನು ಹತ್ತು ಹನ್ನೊಂದು ಮಂದಿಯ ಕೇಂದ್ರ ಸಮಿತಿಯು ನೋಡಿ ತೀರ್ಮಾನಿಸುತ್ತದೆ. ಮರುವರ್ಷ ಸಮಿತಿಯೇ ಬೇರೆ. ಹೋದ ವರ್ಷದ ಹೊಗೆಗೂ ಈ ವರ್ಷದ ಬೆಂಕಿಗೂ ಸಂಬಂಧವೇನು? ಇಲ್ಲಿ ಭವಿಷ್ಯ ನುಡಿಯುವುದೆಂದರೆ ಕಾಗೆಯ ಹಲ್ಲುಗಳನ್ನು ಎಣಿಸುವ ಕೆಲಸ. ನಿಜವಾದರೆ ಅದು ಕಾಕತಾಲೀಯ. ಮರದ ಹುಳುವು ಕೊರೆದ ಗೆರೆ ಅಕ್ಷರದಂತೆ ಕಂಡರೆ ಹುಳುವನ್ನು ವಿದ್ವಾಂಸನೆನ್ನಲಾದೀತೇ? ವಾಚನಾಲಯದ ಒಬ್ಬ ಹುಡುಗನಿಗೆ ಗಣಿತದಲ್ಲಿ ಗತಿಯುಂಟು. ಅವನು ಕನ್ನಡ ಚಿತ್ರಗಳಿಗೆ ಅಖಿಲ ಭಾರತ ಶ್ರೇಷ್ಠ ಚಿತ್ರವೆಂಬ ಮರ್ಯಾದೆ ದೊರೆತ ಸಾಲುಗಳನ್ನು ಬರೆದು ತಂದನು: 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ‘ದ್ವೀಪ’. ನಡುವಣ ಅಂತರಗಳು ಐದು, ಎರಡು, ಒಂಬತ್ತು, ಹನ್ನೊಂದು, ನಾಲ್ಕು. ಇದರಿಂದ ಏಳನೆಯದು ಯಾವಾಗ ಬರುವುದೆಂದು ಗ್ರಹಣವನ್ನು ಗುಣಿಸುವಂತೆ ಗುಣಿಸಬೇಕೆಂಬುದು ಅವನ ಸಾಹಸ. ಗ್ರಹಣಕ್ಕೆ ಕಾರಣವು ಗೊತ್ತು, ಆದುದರಿಂದ ನೂರು ವರ್ಷ ಮುಂದಿನದನ್ನೂ ಹೇಳಬಹುದು. ಹನ್ನೊಂದು ಮಂದಿಯ ಮನಸ್ಸಿಗೆ ಪಂಚಾಂಗವಿಲ್ಲಪ್ಪ ಎಂದೆ. ಅವನಿಗೆ ಸಮಾಧಾನವಾದಂತೆ ತೋರಲಿಲ್ಲ.

ಆ ಆರು ಹೆಸರುಗಳನ್ನು ಆ ಆ ಕಾಲದಲ್ಲಿ ಯಾವ ಜ್ಞಾನಿಯು ಮೊದಲೇ ಹೇಳಬಲ್ಲವನಾಗಿದ್ದನು? ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಅಧಿಕಾರಿಗಳು ಪ್ರದರ್ಶನದ ಪತ್ರವನ್ನೇ ನಿರಾಕರಿಸಿದ್ದರು. ಜನರಿಗೆ ತೋರಿಸಬಾರದೆನಿಸಿಕೊಂಡ ಚಿತ್ರವು ದೇಶದ ಶ್ರೇಷ್ಠ ಚಿತ್ರವೆನಿಸಿತು. ‘ಘಟಶ್ರಾದ್ಧ’ವು ಮೂವತ್ತು ವರ್ಷವೂ ತುಂಬದಿದ್ದ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಅದರ ವಿಷಯವು ನನಗೆ ಹತ್ತಿರವಾದುದು. ಮಲೆನಾಡಿನ ಒಂದು ವೇದಪಾಠಶಾಲೆ, ಅಲ್ಲಿಗೆ ಹೊಸದಾಗಿ ಬಂದ ನಾಣಿಯೆಂಬ ಹುಡುಗ, ಅವನನ್ನು ಕಾಡುವ ದೊಡ್ಡ ವಿದ್ಯಾರ್ಥಿಗಳು, ಅವನಿಗೆ ಆಸರೆಯಾದ ವಿಧವೆ. ಅದನ್ನು ನಾನು ಮೊದಲು ನೋಡಿದಾಗ ಅದಕ್ಕೆ ಪ್ರಶಸ್ತಿ ಬಂದಿದೆಯೆಂಬ ಮಾತು ಮೊದಲ ಹತ್ತು ನಿಮಿಷಗಳಲ್ಲಿಯೇ ಮರೆತುಹೋಯಿತು. ಹಿರಿಯ ಮಾಣಿಗಳ ಕಾಲಡಿಯಲ್ಲಿ ಹುಡುಗನು ಮುದುಡಿಕೊಂಡು ಮಲಗುವ ರೀತಿಯನ್ನು ಕಂಡು, ಐವತ್ತು ವರ್ಷಗಳ ಹಿಂದಿನ ನನ್ನ ಚಾಪೆಯ ವಾಸನೆ ಮೂಗಿಗೆ ಬಂದಿತೆಂದರೆ ವಾಚಕರು ನಗಬಾರದು. ಆ ಚಿತ್ರದ ಜೀರ್ಣೋದ್ಧಾರವಾದ ಪ್ರತಿಯನ್ನು 2024ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ತೋರಿಸಿದರು. ಅದು ಪುನಃ ಜನರ ಕಣ್ಣಿಗೆ ಬಿದ್ದುದನ್ನು ಕೇಳಿ ಆದ ಸಂತೋಷವು ಯಾವ ಚೀಟಿ ಗೆದ್ದರೂ ಆಗದು.

ಊಹೆಯ ಚಟದಲ್ಲಿ ನನಗೆ ಕಾಣುವ ಕೊರತೆಯು ಇದೇ. ಯಾವುದು ಗೆಲ್ಲುವುದೆಂದು ಹೇಳುವುದಕ್ಕೆ ಚಿತ್ರವನ್ನು ನೋಡಬೇಕಾದ ಅಗತ್ಯವಿಲ್ಲ. ತೀರ್ಪುಗಾರರನ್ನು ನೋಡಿದರೆ ಸಾಕು. ಕಾಳಿದಾಸನು ಇದನ್ನು ಎಂದೋ ಬಲ್ಲವನಾಗಿದ್ದನು. ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂಬ ಜಗಳ. ಪಂಡಿತೆ ಕೌಶಿಕಿಯು ಪ್ರಾಶ್ನಿಕಳು, ಎಂದರೆ ತೀರ್ಪುಗಾರಳು. ಶಿಷ್ಯೆಯರ ಪ್ರಯೋಗದಿಂದ ಗುರುಗಳ ಯೋಗ್ಯತೆಯನ್ನು ಅಳೆಯತಕ್ಕದ್ದೆಂದು ನಿರ್ಣಯವಾಗುತ್ತದೆ. ಆದರೆ ಇಡೀ ಜಗಳವು ಮಾಲವಿಕೆಯನ್ನು ರಾಜನ ಕಣ್ಣಿಗೆ ಬೀಳಿಸುವುದಕ್ಕಾಗಿ ವಿದೂಷಕನು ಹೂಡಿದ ಹೂಟ. ಮಾಲವಿಕೆ ಕುಣಿದಳು, ರಾಜನು ಕಂಡನು, ಹರದತ್ತನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿ ವಿದೂಷಕನಿಗೆ ಊಟದ ನೆನಪಾಯಿತು. ಮುಂದಿನ ಅಂಕದಲ್ಲಿ ಚೇಟಿಯರ ಮಾತಿನಲ್ಲಿ ಗಣದಾಸನೇ ಮೇಲಾದನೆಂದು ತಿಳಿಯುತ್ತದೆ. ಪಾಪ, ಹರದತ್ತನ ಶಿಷ್ಯೆಯ ಹೆಸರೂ ನಮಗೆ ತಿಳಿಯದು. ವಿದೂಷಕನ ಸಂಚನ್ನು ಬಲ್ಲವನೊಬ್ಬನು ಅರಮನೆಯ ಹೊರಗೆ ಕಣ್ಣು ಮುಚ್ಚಿ ಕುಳಿತಿದ್ದರೂ ಫಲವನ್ನು ಸರಿಯಾಗಿ ನುಡಿಯುತ್ತಿದ್ದನು. ಅವನು ಕಳೆದುಕೊಳ್ಳುತ್ತಿದ್ದುದು ಮಾಲವಿಕೆಯ ನೃತ್ಯವೊಂದನ್ನು ಮಾತ್ರ.

ಭರತನ ನಾಟ್ಯಶಾಸ್ತ್ರದ ಸಿದ್ಧಿಯ ಅಧ್ಯಾಯವನ್ನು ಓದಿದವರಿಗೆ ಪಾರಿತೋಷಕವೆಂಬುದು ನಮ್ಮಲ್ಲಿ ಹೊಸದಲ್ಲವೆಂದು ತಿಳಿದಿರುತ್ತದೆ. ಗೆದ್ದ ನಟರಿಗೆ ಅಲ್ಲಿ ಪತಾಕೆಯನ್ನು ಕೊಡುತ್ತಾರೆ. ಪ್ರಾಶ್ನಿಕರು ಯಾರಿರಬೇಕೆಂಬುದನ್ನೂ ಮುನಿಯು ವಿವರಿಸಿದ್ದಾನೆ: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ಗಣಿಕೆ, ಗಾಯಕ, ರಾಜಸೇವಕ. ಯಜ್ಞದ ಸನ್ನಿವೇಶವನ್ನು ಯಾಜ್ಞಿಕನು, ಬಾಣ ಹೂಡುವ ನಿಲುವನ್ನು ಬಿಲ್ಲುಗಾರನು, ಶೃಂಗಾರದ ಉಪಚಾರವನ್ನು ಗಣಿಕೆಯು ಒರೆಹಚ್ಚತಕ್ಕದ್ದು. ಗುಣದೋಷಗಳನ್ನು ಬರೆದುಕೊಳ್ಳುವುದಕ್ಕೂ ಎಣಿಸುವುದಕ್ಕೂ ಬೇರೆ ಜನರು. ಇಬ್ಬರು ಸಮವಾಗಿ ನಿಂತರೆ ಇಬ್ಬರಿಗೂ ಪತಾಕೆ. ಇಷ್ಟೆಲ್ಲ ವ್ಯವಸ್ಥೆಯನ್ನು ಹೇಳಿದ ಆ ಶಾಸ್ತ್ರವು ಪ್ರೇಕ್ಷಕನನ್ನು ಕುರಿತು, ನಟನ ಹರ್ಷದಲ್ಲಿ ಹರ್ಷಿಸಬೇಕು, ಶೋಕದಲ್ಲಿ ಶೋಕಿಸಬೇಕು ಎನ್ನುತ್ತದೆಯೇ ಹೊರತು, ಪತಾಕೆ ಯಾರ ಪಾಲಾಗುವುದೆಂದು ಲೆಕ್ಕ ಹಾಕುತ್ತ ಕೂರಲು ಅವನಿಗೆ ಎಲ್ಲಿಯೂ ಹೇಳಿಲ್ಲ.

ಇದೆಲ್ಲವೂ ಜಗುಲಿಯ ಹರಟೆಯಾಗಿ ಉಳಿಯುತ್ತಿತ್ತೇನೋ. ಆದರೆ ಈ ಊಹೆಯ ಇನ್ನೊಂದು ಮುಖವನ್ನು ಕೆಲವು ವರ್ಷಗಳ ಹಿಂದೆ ಹತ್ತಿರದಿಂದ ಕಂಡೆ. ಭವಿಷ್ಯ ನುಡಿಯುವವನಿಗೆ ಹತ್ತು ರೂಪಾಯಿಯ ಪಣ. ಯಾರ ಹೆಸರಿನಲ್ಲಿ ನುಡಿಯುತ್ತಾರೆಯೋ ಅವನ ಪಣವು ಬೇರೆ.

ನದಿಯ ಆಚೆಯ ಒಂದು ಹಳ್ಳಿಯಲ್ಲಿ ನನಗೊಬ್ಬ ಹಿರಿಯ ಸ್ನೇಹಿತರಿದ್ದರು. ದೊಡ್ಡಾಟದ ಮೇಳಗಳಲ್ಲಿ ನಲವತ್ತು ವರ್ಷ ಭೀಮ, ರಾವಣ, ಕೊನೆಕೊನೆಗೆ ಧೃತರಾಷ್ಟ್ರನ ಪಾತ್ರಗಳನ್ನು ಮಾಡಿದವರು. ಹಂಪಿಯ ಬೆಟ್ಟಗುಂಡುಗಳ ಆಸುಪಾಸಿನಲ್ಲಿ ಚಿತ್ರ ತೆಗೆಯಲು ಬಂದ ತರುಣ ನಿರ್ದೇಶಕನೊಬ್ಬನು ಅವರನ್ನು ಕಂಡು, ಮುದುಕ ತಂದೆಯ ಪಾತ್ರವನ್ನು ಮಾಡಿಸಿದನು. ಚಿತ್ರವು ಹೆಚ್ಚು ದಿನ ಓಡಲಿಲ್ಲ. ಆದರೆ ನೋಡಿದವರೆಲ್ಲರೂ ಆ ಮುದುಕನನ್ನು ಹೊಗಳಿದರು. ಪತ್ರಿಕೆಯೊಂದು ಆ ವರ್ಷದ ಪಾರಿತೋಷಕಗಳ ಸಂಭವನೀಯ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಿತು. ಯಾವ ಪತ್ರಿಕೆ, ಯಾವ ಪಾರಿತೋಷಕ ಎಂಬುದು ಇಲ್ಲಿ ಬೇಡ. ಅಲ್ಲಿಂದ ಶುರುವಾಯಿತು. ಚಹದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಜಾತ್ರೆಯಲ್ಲಿ, ಕಂಡವರೆಲ್ಲರೂ ‘ಈ ಸಲ ನಿಮಗೇ’ ಎನ್ನತೊಡಗಿದರು. ‘ಚೋಮನ ದುಡಿ’ಯ ವಾಸುದೇವರಾಯರ ದೃಷ್ಟಾಂತವನ್ನು ಹೇಳುವವರೂ ಇದ್ದರು: ಅವರೂ ಎಷ್ಟೋ ವರ್ಷ ಸಣ್ಣ ಪುಟ್ಟ ಪಾತ್ರಗಳಲ್ಲಿಯೇ ಇದ್ದವರು, ದೇಶದ ಶ್ರೇಷ್ಠ ನಟರೆನಿಸಲಿಲ್ಲವೇ ಎಂದು. ಒಂದೇ ಅಡಿಗೆಮನೆಯನ್ನು ಕಂಡು ಲೋಕದ ಹೊಗೆಗೆಲ್ಲ ವ್ಯಾಪ್ತಿ ಕಟ್ಟುವ ಈ ತರ್ಕದಲ್ಲಿ ನಾನು ಸೇರಲಿಲ್ಲ. ಆದರೆ ಅದನ್ನು ತಡೆಯುವುದು ಯಾರಿಂದ ಆದೀತು? ಹೇಳುವವರೆಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು.

ಮೊದಮೊದಲು ಅವರು ನಕ್ಕು ಸುಮ್ಮನಾಗುತ್ತಿದ್ದರು. ‘ನಾವು ಬಣ್ಣದ ಮಂದಿ, ನಮಗ್ಯಾಕ ಅದೆಲ್ಲ’ ಎನ್ನುತ್ತಿದ್ದರು. ಆದರೆ ಬೇಡವೆಂದಿದ್ದ ವಸ್ತುವನ್ನು ನೂರು ಜನ ನಿನ್ನದೇ ಎಂದರೆ, ಅದು ಬಾರದಿದ್ದಾಗ ಕಳೆದುಹೋದಂತಾಗುತ್ತದೆ. ಅವರ ಮನೆಯಾಕೆಯು ನೋಡಲು ಜನ ಬಂದಾರೆಂದು ಗೋಡೆಗಳಿಗೆ ಸುಣ್ಣ ಹೊಡೆಸಿದರು. ಮೇಳದ ಹುಡುಗರು ಮೆರವಣಿಗೆಗೆ ಟ್ರ್ಯಾಕ್ಟರನ್ನು ಗೊತ್ತುಮಾಡಿದರು. ಮಳೆಗಾಲದ ಆಟವೊಂದಕ್ಕೆ ವೀಳ್ಯ ಬಂದರೆ, ಆ ದಿನಗಳಲ್ಲಿ ಎಲ್ಲಿಗಾದರೂ ಹೋಗಬೇಕಾದೀತೆಂದು ಅವರೇ ಒಲ್ಲೆನೆಂದರು. ಐವತ್ತು ವರ್ಷಗಳಲ್ಲಿ ಅವರು ವೀಳ್ಯವನ್ನು ಹಿಂದಿರುಗಿಸಿದ್ದು ಅದೊಂದೇ ಸಲ.

ಪಟ್ಟಿ ಬಂದಿತು. ಅವರ ಹೆಸರಿರಲಿಲ್ಲ. ‘ನಿಮಗೇ’ ಎಂದಿದ್ದ ಜನರಲ್ಲಿ ಒಬ್ಬರೂ ಒಂದು ವಾರದ ತನಕ ಆ ಓಣಿಯಲ್ಲಿ ಕಾಣಿಸಿಕೊಳ್ಳಲಿಲ್ಲ. ನಾಚಿಕೆಯಿಂದಲೋ, ಏನು ಹೇಳಬೇಕೆಂದು ತೋಚದೆಯೋ. ನಾನು ಹೋದಾಗ ಅವರು ಸುಣ್ಣ ಬಳಿದ ಗೋಡೆಗೆ ಒರಗಿ ಗೆಜ್ಜೆಯ ಸರವನ್ನು ಪೋಣಿಸುತ್ತಿದ್ದರು. ಯಾರಿಗೆ ಬಂತೆಂದು ಕೇಳಿದರು. ದೂರದ ಭಾಷೆಯ ಒಬ್ಬ ನಟನಿಗೆ, ಅದೂ ಮುದುಕನ ಪಾತ್ರವೇ ಎಂದೆ. ‘ಅದನ್ನ ನೋಡಾಕ ಸಿಗತೈತೇನ್ರಿ ಮಾಸ್ತರ?’ ಎಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಮೇಲೆ ಹೇಗೋ ಸಂಪಾದಿಸಿ ತನ್ನ ಕಂಪ್ಯೂಟರಿನಲ್ಲಿ ತೋರಿಸಿದನು. ಭಾಷೆ ಒಂದಕ್ಷರವೂ ತಿಳಿಯದು. ಅವರು ಎರಡು ಗಂಟೆಗಳ ಕಾಲ ಕಣ್ಣೆತ್ತದೆ ನೋಡಿದರು. ಒಂದು ಕಡೆ ಆ ಮುದುಕನು ನೀರಿನ ಕೊಡವನ್ನು ಹೆಗಲಿನಿಂದ ಇಳಿಸಿ, ಕೂಡಲೇ ಉಸಿರು ಬಿಡದೆ, ಮಗನು ನೋಡುತ್ತಿದ್ದಾನೆಂದು ತಡೆದುಕೊಂಡು, ಅವನು ಒಳಗೆ ಹೋದ ಮೇಲೆ ಮೆಲ್ಲನೆ ಬಿಡುತ್ತಾನೆ. ಅದನ್ನು ಕಂಡು ನನ್ನ ಸ್ನೇಹಿತರು ತೊಡೆಯ ಮೇಲೆ ಕೈ ತಟ್ಟಿ, ‘ಇದು ನನಗ ಹೊಳೀತಿದ್ದಿಲ್ಲ ನೋಡ್ರಿ’ ಎಂದರು. ಅಷ್ಟು ಭಾಗವನ್ನು ಇನ್ನೊಮ್ಮೆ ಹಾಕಿಸಿದರು. ಆ ಚಳಿಗಾಲದ ಒಂದು ಆಟದಲ್ಲಿ ಅವರ ಧೃತರಾಷ್ಟ್ರನು ಗಾಂಧಾರಿಯ ಎದುರಿಗೆ ಹಾಗೆಯೇ ಉಸಿರನ್ನು ತಡೆದುದನ್ನು ನಾನು ನೋಡಿದೆ. ಪೆಟ್ರೋಮ್ಯಾಕ್ಸಿನ ಕಾಲದಿಂದ ಅವರ ಆಟವನ್ನು ನೋಡಿದವನು ನಾನು, ಅಂಥದನ್ನು ಅವರಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಅವರು ಈಗ ಇಲ್ಲ.

ಅವರು ಹೋದ ಮೇಲೆ ನಾನು ಡಬ್ಬಿಯ ಕಟ್ಟಳೆಯನ್ನು ಸ್ವಲ್ಪ ತಿದ್ದಿದೆ. ಯಾರಿಗೆ ಬರುವುದೆಂಬುದರ ಕೆಳಗೆ, ನೀನಾದರೆ ಪತಾಕೆಯನ್ನು ಯಾರಿಗೆ ಕೊಡುವೆ, ಏತಕ್ಕೆ ಎಂದು ಎರಡನೆಯ ಸಾಲನ್ನೂ ಬರೆಯತಕ್ಕದ್ದು. ನೋಡದ ಚಿತ್ರದ ಹೆಸರನ್ನು ಆ ಸಾಲಿನಲ್ಲಿ ಬರೆಯಕೂಡದು. ಮೊದಲ ವರ್ಷ ಎಲ್ಲರೂ ಮೇಲಿನ ಸಾಲನ್ನು ಕ್ಷಣದಲ್ಲಿ ತುಂಬಿದರು. ಕೆಳಗಿನದು ಬಹುಮಟ್ಟಿಗೆ ಬರಿದಾಗಿತ್ತು. 2025ರ ಆಗಸ್ಟ್ 1ರಂದು ಎಪ್ಪತ್ತೊಂದನೆಯ ಪ್ರಶಸ್ತಿಗಳು ಹೊರಬಿದ್ದಾಗ ಶ್ರೇಷ್ಠ ನಟನ ಪ್ರಶಸ್ತಿಯನ್ನು ಶಾರುಖ್ ಖಾನ್, ವಿಕ್ರಾಂತ್ ಮಾಸ್ಸಿ ಎಂಬ ಇಬ್ಬರಿಗೆ ಹಂಚಿದ್ದರು. ಪಣವು ಯಾರದೆಂದು ವಾಚನಾಲಯದಲ್ಲಿ ದೊಡ್ಡ ಗಲಭೆಯೇ ಆಯಿತು. ಸಮರಾದವರಿಗೆ ಎರಡು ಪತಾಕೆಯೆಂಬ ಭರತಮುನಿಯ ಪ್ರಮಾಣವನ್ನು ಹೇಳಿ, ಖರ್ಚನ್ನು ಇಬ್ಬರ ಮೇಲೆ ಹಾಕಿ ಜಗಳವನ್ನು ತೀರಿಸಿದೆ.

ಮಿರ್ಚಿ ಬರುವ ತನಕ ಎರಡನೆಯ ಸಾಲುಗಳನ್ನು ಓದಿದೆವು. ಆರು ಚೀಟಿಗಳು ತುಂಬಿದ್ದುವು. ಕಾರ್ಖಾನೆಯ ರಾತ್ರಿ ಪಾಳಿಯ ಹುಡುಗನೊಬ್ಬನು, ಉಳಿದವರು ಕೇಳಿರದ ಒಂದು ಸಣ್ಣ ಕನ್ನಡ ಚಿತ್ರದ ತಾಯಿಯ ಪಾತ್ರಧಾರಿಣಿಯ ಹೆಸರನ್ನು ಬರೆದು, ಆಕೆ ಅಳುವಾಗ ಒಲೆಯ ಮೇಲಿನ ಹಾಲನ್ನು ನೋಡುವುದನ್ನು ಮರೆಯಲಿಲ್ಲ, ಅದಕ್ಕೆ ಎಂದು ಕಾರಣವನ್ನು ಕಾಣಿಸಿದ್ದನು. ಅದನ್ನು ಕೇಳಿ ಮೂವರು ಆ ಭಾನುವಾರವೇ ಆ ಚಿತ್ರವನ್ನು ನೋಡಿದರು. ಒಬ್ಬನಿಗೆ ಅದು ಏನೂ ರುಚಿಸಲಿಲ್ಲವಂತೆ. ಇಬ್ಬರೂ ಆ ಹಾಲಿನ ವಿಷಯವಾಗಿ ಈಗಲೂ ವಾದಿಸುತ್ತಿದ್ದಾರೆ.